ಮುಂದಕ್ಕೆ ಹೋದ ತಾರೀಖು

2025ರ ನವೆಂಬರ್ 6, ಗುರುವಾರ. ನ್ಯೂಯಾರ್ಕಿನ ಷೇರುಪೇಟೆ ಸಂಜೆ ನಾಲ್ಕಕ್ಕೆ ವಹಿವಾಟು ಮುಗಿಸಿದ ಬೆನ್ನಿಗೇ ಟೇಕ್-ಟೂ ಇಂಟರ್‌ಆ್ಯಕ್ಟಿವ್ ಕಂಪನಿಯ ತ್ರೈಮಾಸಿಕ ಲೆಕ್ಕ ಹೊರಬಿತ್ತು. ಅದರ ಜೊತೆಗೇ ಇನ್ನೊಂದು ಸುದ್ದಿ: ‘ಗ್ರ್ಯಾಂಡ್ ಥೆಫ್ಟ್ ಆಟೊ 6’ 2026ರ ಮೇ 26ಕ್ಕೆ ಬರುವುದಿಲ್ಲ, ನವೆಂಬರ್ 19ಕ್ಕೆ ಬರುತ್ತದೆ. ನಾನಿರುವ ನ್ಯೂಜೆರ್ಸಿಯ ಕ್ರ್ಯಾನ್‌ಬರಿಯಲ್ಲಿ ಆಗಲೇ ಕತ್ತಲು ಕವಿಯುತ್ತಿತ್ತು. ಬೆಂಗಳೂರಿನಲ್ಲಿ ಬೆಳಗಿನ ಜಾವ. ಆದರೂ ನಮ್ಮ ಹಳೇ ಗೆಳೆಯರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೊದಲ ಮೆಸೇಜು ಬಂದದ್ದು ಬೆಂಗಳೂರಿನಿಂದಲೇ. ‘ಮತ್ತೆ ಮುಂದಕ್ಕೆ ಹಾಕಿದ್ರು ಕಣ್ರೋ.’

ಆ ಗುಂಪಿನಲ್ಲಿರುವವರೆಲ್ಲ ನಲವತ್ತರ ಆಸುಪಾಸಿನವರು. ಒಬ್ಬ ಪಕ್ಕದ ಪ್ಲೇನ್ಸ್‌ಬರೊದಲ್ಲಿದ್ದಾನೆ, ಇಬ್ಬರು ಎಡಿಸನ್ನಿನಲ್ಲಿ, ಉಳಿದವರು ಬೆಂಗಳೂರು, ಮೈಸೂರು. ಸಾಲ, ಮಕ್ಕಳು, ಮಂಡಿನೋವು ಎಲ್ಲ ಇರುವವರು. ಇಷ್ಟು ಜನ ಒಂದು ವೀಡಿಯೊ ಗೇಮ್‌ಗಾಗಿ ಹೀಗೆ ಕಾಯುತ್ತಾರೆಂದರೆ ಆಟ ಆಡದವರಿಗೆ ವಿಚಿತ್ರ ಅನ್ನಿಸಬಹುದು. ನನಗೆ ಅನ್ನಿಸುವುದಿಲ್ಲ. ಈ ಕಾಯುವಿಕೆಯನ್ನು ನಾನು ಗೌರವದಿಂದ ಕಾಣುತ್ತೇನೆ. ಅದಕ್ಕೊಂದು ಚರಿತ್ರೆ ಇದೆ, ಆ ಚರಿತ್ರೆಯಲ್ಲಿ ನ್ಯೂಯಾರ್ಕ್, ನ್ಯೂಜೆರ್ಸಿಗಳ ಪಾಲೂ ಬೆಂಗಳೂರಿನ ಪಾಲೂ ಇದೆ.

ಮೊದಲು ತಾರೀಖುಗಳ ಕತೆ. ಈ ಆಟದ ಮೊದಲ ಟ್ರೇಲರ್ 2023ರ ಡಿಸೆಂಬರ್ 5ರ ಬೆಳಿಗ್ಗೆ ಬರಬೇಕಿತ್ತು. ಹಿಂದಿನ ಸಂಜೆಯೇ ಸೋರಿಹೋಯಿತು, ಕಂಪನಿ ಕೂಡಲೇ ತಾನೇ ಬಿಟ್ಟುಬಿಟ್ಟಿತು. ಯೂಟ್ಯೂಬಿನಲ್ಲಿ ಮೊದಲ ದಿನವೇ 9 ಕೋಟಿಗೂ ಹೆಚ್ಚು ಸಲ ಜನ ಅದನ್ನು ನೋಡಿದರು. ‘2025ಕ್ಕೆ’ ಅಂದರು. ಆಮೇಲೆ 2025ರ ಶರತ್ಕಾಲ ಅಂದರು. 2025ರ ಮೇ 2ರಂದು ಅದು 2026ರ ಮೇ 26 ಆಯಿತು. ಈಗ ನವೆಂಬರ್ 19. ಇದರ ಹಿಂದಿನ ಆಟ ‘ಜಿಟಿಎ 5’ ಬಂದದ್ದು 2013ರ ಸೆಪ್ಟೆಂಬರ್ 17ಕ್ಕೆ. ಅಂದರೆ ಹದಿಮೂರು ವರ್ಷದ ಅಂತರ. ಅಂದು ಎಲ್‌ಕೆಜಿ ಸೇರಿದ ಕೂಸು ಈಗ ಕಾಲೇಜಿನ ಬಾಗಿಲಲ್ಲಿದೆ.

ಹೊಸ ಆಟದ ಊರು ‘ವೈಸ್ ಸಿಟಿ’. ನಮ್ಮ ಗುಂಪಿಗೆ ಹುಚ್ಚು ಹಿಡಿಸಿರುವುದು ಆ ಹೆಸರು.

2003ರ ಬೇಸಿಗೆಯಲ್ಲಿ ಹಳೆಯ ‘ವೈಸ್ ಸಿಟಿ’ ಕಂಪ್ಯೂಟರಿಗೆ ಬಂತು. ಜಯನಗರ ನಾಲ್ಕನೇ ಬ್ಲಾಕಿನ ಹಿಂದಿನ ಒಂದು ಸೈಬರ್ ಕೆಫೆಯಲ್ಲಿ ನಾವು ಅದನ್ನು ಆಡಿದೆವು. ಪ್ಲೈವುಡ್ಡಿನ ಗೂಡುಗಳು, ಒಂದೊಂದು ಗೂಡಿಗೆ ಒಂದು ಕುರ್ಚಿ, ಒಂದು ಕುರ್ಚಿಗೆ ಮೂರು ಜನ. ಒಬ್ಬ ಕೀಬೋರ್ಡಿನ ಮೇಲೆ, ಇನ್ನೊಬ್ಬ ಮೌಸಿನ ಮೇಲೆ, ಮೂರನೆಯವನು ಚೀಟ್ ಕೋಡ್ ಬರೆದಿಟ್ಟ ನೋಟ್‌ಬುಕ್ಕಿನ ಹಾಳೆ ಹಿಡಿದುಕೊಂಡು. ಪರದೆಯ ಮೇಲೆ ಗುಲಾಬಿ ಬಣ್ಣದ ಸಂಜೆ, ತಾಳೆಮರ, ಸಮುದ್ರ. ಮಯಾಮಿಯನ್ನು ನೋಡದೆಯೇ ಅಲ್ಲಿನ ತಿರುವುಗಳೆಲ್ಲ ನಮಗೆ ಬಾಯಿಪಾಠವಾಗಿದ್ದವು. ಯಾವ ಓಣಿಗೆ ನುಗ್ಗಿದರೆ ಪೊಲೀಸರ ಕಣ್ಣು ತಪ್ಪಿಸಬಹುದು, ಯಾವ ಗ್ಯಾರೇಜಿನಲ್ಲಿ ಗಾಡಿಗೆ ಬಣ್ಣ ಬಳಿಸಿಕೊಳ್ಳಬಹುದು ಎಂಬುದೆಲ್ಲ ಇವತ್ತಿಗೂ ಕೈಬೆರಳಿಗೆ ನೆನಪಿದೆ.

ಆದರೆ ಆಗ ನಮಗೆ ಬಿಡುಗಡೆಯ ದಿನ ಅನ್ನುವುದೊಂದು ಇರಲಿಲ್ಲ. ಆಟಗಳು ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟಿಗೆ ಯಾವಾಗ ಬಂದವೋ ಆಗ ಬಂದಂತೆ. ಪ್ಲಾಸ್ಟಿಕ್ ಕವರಿನ ಸಿ.ಡಿ., ಮೇಲೆ ಮಾರ್ಕರ್ ಪೆನ್ನಿನಲ್ಲಿ ಗೀಚಿದ ಹೆಸರು. ಅಂಗಡಿಯವನನ್ನು ‘ಹೊಸದು ಏನಿದೆ’ ಅಂತ ಕೇಳಿದರೆ ಅವನು ಒಂದು ಕಟ್ಟು ತೆಗೆದು ಮೇಜಿನ ಮೇಲೆ ಹಾಕುತ್ತಿದ್ದ. ಯಾರು ಮಾಡಿದರು, ಎಷ್ಟು ವರ್ಷ ಮಾಡಿದರು, ಯಾವ ದಿನ ಬರುತ್ತದೆಂದು ಮಾತು ಕೊಟ್ಟಿದ್ದರು, ಏನೂ ಗೊತ್ತಿಲ್ಲ. ಒಂದು ಆಟಕ್ಕಾಗಿ ತಾರೀಖು ಗುರುತು ಹಾಕಿಕೊಂಡು ಕಾಯುವುದನ್ನು ನಾನು ಕಲಿತದ್ದು ಈ ದೇಶಕ್ಕೆ ಬಂದ ಮೇಲೆ, ಜೇಬಿನಲ್ಲಿ ಅಸಲಿ ಡಿಸ್ಕ್ ಕೊಳ್ಳುವಷ್ಟು ದುಡ್ಡು ಕೂಡಿದ ಮೇಲೆ. ‘ಜಿಟಿಎ 4’ 2007ರ ಅಕ್ಟೋಬರ್ 16ಕ್ಕೆ ಅಂದಿದ್ದರು, 2008ರ ಏಪ್ರಿಲ್ 29ಕ್ಕೆ ಬಂತು. ನಾನು ಕಾದು ಕೊಂಡ ಮೊದಲ ಆಟ ಅದು. ಅದರಲ್ಲಿ ನ್ಯೂಯಾರ್ಕಿಗೆ ಲಿಬರ್ಟಿ ಸಿಟಿ ಅಂತ ಹೆಸರು, ಹೊಳೆಯಾಚೆಗಿನ ನಮ್ಮ ನ್ಯೂಜೆರ್ಸಿಗೆ ಆಲ್ಡರ್ನಿ. ಬಾಡಿಗೆ ಮನೆಯ ನೆಲದ ಮೇಲೆ ಕೂತು, ಬೆಳಿಗ್ಗೆ ಬಸ್ಸಿನಲ್ಲಿ ಕಂಡ ಕಾರ್ಖಾನೆ ಚಿಮಣಿಗಳಂಥವನ್ನೇ ರಾತ್ರಿ ಪರದೆಯ ಮೇಲೆ ಕಂಡಾಗ, ಈ ಊರಿನಲ್ಲಿ ನಾನೂ ಒಬ್ಬ ಎಂದು ಮೊದಲ ಸಲ ಅನ್ನಿಸಿತ್ತು.

ಆಟಕ್ಕಾಗಿ ಸಾಲು ನಿಲ್ಲುವುದು ಈ ಸೀಮೆಗೆ ಹೊಸದಲ್ಲ. 1958ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯಕ್ಕೆ ಸಾರ್ವಜನಿಕರನ್ನು ಕರೆದಿದ್ದರು. ನೋಡಲು ಬಂದವರಿಗೆ ಬೇಸರವಾಗದಿರಲಿ ಎಂದು ವಿಲಿಯಂ ಹಿಗಿನ್‌ಬಾಥಮ್ ಎಂಬ ಭೌತವಿಜ್ಞಾನಿ ಆಸಿಲೋಸ್ಕೋಪಿನ ಅಂಗೈಯಗಲದ ಪರದೆಯ ಮೇಲೆ ಟೆನಿಸ್ ಆಟವೊಂದನ್ನು ಕಟ್ಟಿಕೊಟ್ಟರು. ಒಂದು ಗೆರೆ ನೆಲ, ಒಂದು ಗೆರೆ ನೆಟ್ಟು, ಪುಟಿಯುವ ಒಂದು ಬೆಳಕಿನ ಚುಕ್ಕೆ. ಜನ ಮಿಕ್ಕೆಲ್ಲ ಯಂತ್ರಗಳನ್ನು ಬಿಟ್ಟು ಅದರ ಮುಂದೆ ಸಾಲು ನಿಂತರು. ಮರುವರ್ಷ ಅವರೇ ಪರದೆ ದೊಡ್ಡದು ಮಾಡಿ, ಚಂದ್ರನ ಮೇಲೆ, ಗುರುಗ್ರಹದ ಮೇಲೆ ಚೆಂಡು ಹೇಗೆ ಪುಟಿಯುತ್ತದೆ ಎಂಬುದನ್ನೂ ಸೇರಿಸಿದರು. ಆಮೇಲೆ ಬಿಚ್ಚಿ, ಬಿಡಿಭಾಗಗಳನ್ನು ಬೇರೆ ಕೆಲಸಕ್ಕೆ ಹಾಕಿಕೊಂಡರು. ಮೂರನೆಯ ವರ್ಷವೂ ಟೆನಿಸ್ ಇರುತ್ತದೆಂದು ನಂಬಿ ಬಂದ ಮಗು ಒಂದಾದರೂ ಇದ್ದಿರಬೇಕು.

1985ರದು ಬೇರೆ ಥರ. ಎರಡು ವರ್ಷ ಹಿಂದೆ ಅಮೆರಿಕದ ವೀಡಿಯೊ ಗೇಮ್ ಪೇಟೆ ನೆಲ ಕಚ್ಚಿತ್ತು. ಅಂಗಡಿಯವರು ಆ ಮಾತೇ ಬೇಡ ಅನ್ನುತ್ತಿದ್ದರು. ಆಗ ಜಪಾನಿನ ನಿಂಟೆಂಡೊ ತನ್ನ ಹೊಸ ಯಂತ್ರವನ್ನು ಮೊದಲು ನ್ಯೂಯಾರ್ಕಿನಲ್ಲೇ ಪರೀಕ್ಷೆಗಿಡಲು ನಿರ್ಧರಿಸಿ, ನ್ಯೂಜೆರ್ಸಿಯ ಹ್ಯಾಕನ್‌ಸ್ಯಾಕಿನಲ್ಲಿ ಒಂದು ಗೋದಾಮು ಹಿಡಿಯಿತು. ಮಾರಾಟವಾಗದ್ದನ್ನು ವಾಪಸು ತಗೊಳ್ಳುತ್ತೇವೆ ಎಂದು ಅಂಗಡಿಗಳಿಗೆ ಮಾತು ಕೊಟ್ಟು, ಆ ಗೋದಾಮಿನಿಂದ ಅಂಗಡಿ ಅಂಗಡಿಗೆ ಪೆಟ್ಟಿಗೆ ಹೊತ್ತರು. ಯಾರೂ ಕಾಯದೇ ಇದ್ದ ಸರಕು ಅದು. ಜನ ಕಾಯುವಂತೆ ಮಾಡಿದ್ದು ಆ ಕ್ರಿಸ್‌ಮಸ್ಸಿನ ನಂತರ.

ಗೋದಾಮು ಅಂದರೆ ಕ್ರ್ಯಾನ್‌ಬರಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ನಾಲ್ಕು ಸಾವಿರ ಜನವೂ ಇಲ್ಲದ ಊರು. ಮೇನ್ ಸ್ಟ್ರೀಟಿನಲ್ಲಿ ಹತ್ತೊಂಬತ್ತನೇ ಶತಮಾನದ ಬಿಳಿ ಮರದ ಮನೆಗಳು, ಬ್ರೇನರ್ಡ್ ಕೆರೆ, ಸುತ್ತ ಉಳಿಸಿಕೊಂಡ ಹೊಲಗಳು. ರೂಟ್ 130 ದಾಟಿ ಟರ್ನ್‌ಪೈಕಿನ 8ಎ ನಿರ್ಗಮನದ ಕಡೆ ಹೋದರೆ ಕಿಟಕಿಯಿಲ್ಲದ ಉದ್ದುದ್ದ ಗೋದಾಮುಗಳು, ರಾತ್ರಿಯಿಡೀ ಲಾರಿ. ಅರ್ಧ ಅಮೆರಿಕದ ಪಾರ್ಸೆಲ್ಲು ಈ ದಾರಿಯಲ್ಲೇ ಹೋಗುತ್ತದೇನೋ ಅನ್ನಿಸುತ್ತದೆ. ಹೊಸ ಆಟ ಬರುವ ವಾರ ಆ ಲಾರಿಗಳನ್ನು ಕಂಡರೆ ನನ್ನ ಮಗ ಕಾರಿನ ಗಾಜಿಗೆ ಮೂಗು ಒತ್ತಿ ‘ಅಪ್ಪ, ಅದರಲ್ಲಿರಬಹುದಾ?’ ಅನ್ನುತ್ತಿದ್ದ. ಈಗ ಹದಿಮೂರು. ಈಗ ಅನ್ನುವುದಿಲ್ಲ, ಆದರೆ ಲಾರಿಯ ಕಡೆ ತಿರುಗಿ ನೋಡುವುದನ್ನು ಬಿಟ್ಟಿಲ್ಲ.

2025ರ ಜೂನ್ 4ರ ರಾತ್ರಿ ಅವನನ್ನು ಕರೆದುಕೊಂಡು ರೂಟ್ 1ರ ಬದಿಯ ದೊಡ್ಡ ಅಂಗಡಿಯೊಂದರ ಮುಂದೆ ನಿಂತಿದ್ದೆ. ನಿಂಟೆಂಡೊ ಸ್ವಿಚ್ 2 ನಡುರಾತ್ರಿ ಹನ್ನೆರಡಕ್ಕೆ ಮಾರಾಟಕ್ಕೆ. ಅದಕ್ಕೂ ಒಂದು ಮುಂದೂಡಿಕೆ ಆಗಿತ್ತು: ಮುಂಗಡ ಬುಕಿಂಗ್ ಏಪ್ರಿಲ್ 9ಕ್ಕೆ ಶುರುವಾಗಬೇಕಿದ್ದದ್ದು ಆಮದು ಸುಂಕದ ಗೊಂದಲದಲ್ಲಿ 24ಕ್ಕೆ ಹೋಗಿತ್ತು. ಅತ್ತ ಮ್ಯಾನ್‌ಹಟನ್ನಿನ ರಾಕೆಫೆಲ್ಲರ್ ಸೆಂಟರಿನಲ್ಲಿರುವ ನಿಂಟೆಂಡೊ ಅಂಗಡಿಯೆದುರು ಯೂಟ್ಯೂಬರ್ ಒಬ್ಬ ಸುಮಾರು ಎರಡು ತಿಂಗಳು ಮೊದಲೇ ಬಂದು ಠಿಕಾಣಿ ಹೂಡಿದ್ದ. ನಮ್ಮ ಸಾಲು ಅಷ್ಟೇನೂ ಉದ್ದವಿರಲಿಲ್ಲ. ಮಡಚುವ ಕುರ್ಚಿ ತಂದವರಿದ್ದರು, ಹಳೇ ಸ್ವಿಚ್ಚಿನಲ್ಲಿ ಆಡುತ್ತ ನಿಂತವರಿದ್ದರು. ನಮಗಿಂತ ನಾಲ್ಕಾರು ಜನ ಮುಂದೆ ಸ್ವೆಟರು, ಮಂಕಿಟೋಪಿ ಹಾಕಿದ ಹಿರಿಯರೊಬ್ಬರು. ಜೂನ್ ತಿಂಗಳಲ್ಲಿ ಮಂಕಿಟೋಪಿ ಕಂಡಮೇಲೆ ಇನ್ನೇನು, ಮಾತಾಡಿಸಿದೆ.

‘ಯಾವೂರು ಸಾರ್ ತಮ್ಮದು?’

‘ಹಾಸನದ ಹತ್ರ. ಮಗಳ ಮನೆಗೆ ಬಂದಿದೀನಿ. ಮಗಳು ಅಳಿಯ ಇಬ್ರಿಗೂ ಬೆಳಿಗ್ಗೆ ಆಫೀಸು, ಮೊಮ್ಮಗ ಅಲ್ಲಿ ಕಾರಲ್ಲಿ ಮಲಗಿದಾನೆ. ನಾನೇ ನಿಲ್ತೀನಿ ಬಿಡಿ ಅಂದೆ.’ ಆಮೇಲೆ ಒಂದು ಕ್ಷಣ ಸಾಲನ್ನು ಹಿಂದೆ ಮುಂದೆ ನೋಡಿ ಅಂದರು: ‘ನಾವು ‘ಬಂಗಾರದ ಮನುಷ್ಯ’ಕ್ಕೆ ಬೆಂಗಳೂರಿಗೆ ಬಂದು ಸ್ಟೇಟ್ಸ್ ಥಿಯೇಟರ್ ಮುಂದೆ ಹೀಗೇ ನಿಂತಿದ್ವಿ. ಟಿಕೆಟ್ ಸಿಗ್ಲಿಲ್ಲ. ಮಾರನೇ ದಿನ ಮತ್ತೆ ನಿಂತ್ವಿ.’

ಮಗ ನನ್ನ ಕಡೆ ನೋಡಿದ. ತಾತನ ವಯಸ್ಸಿನವರು ತನ್ನ ಸಾಲಿನಲ್ಲಿ ಇರುವುದು ಅವನಿಗೆ ಬೆರಗು. ಹನ್ನೆರಡೂ ಚಿಲ್ಲರೆಗೆ ಹಿರಿಯರು ಕೆಂಪು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಒತ್ತಿಕೊಂಡು ಹೊರಬಂದರು. ಕಾರಿನೊಳಗೆ ಮೊಮ್ಮಗ ಎದ್ದು ಕೂತಿದ್ದ. ಮೊದಲ ನಾಲ್ಕು ದಿನದಲ್ಲಿ ಈ ಯಂತ್ರ ಜಗತ್ತಿನಾದ್ಯಂತ 35 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತೆಂದು ಕಂಪನಿ ಹೇಳಿತು. ಅದರಲ್ಲಿ ಒಂದು ಹಾಸನದ ಆ ತಾತನ ಕೈಯಿಂದ ಹೋದದ್ದು.

ಇಷ್ಟು ಹೇಳಿದ ಮೇಲೆ ಕಾಯುವಿಕೆಯ ಇನ್ನೊಂದು ಮುಖವನ್ನೂ ಹೇಳಬೇಕು, ಯಾಕೆಂದರೆ ಅದರ ಮೇಲೆ ದೊಡ್ಡ ವ್ಯಾಪಾರವೇ ನಿಂತಿದೆ. ಪ್ರೀ-ಆರ್ಡರ್ ಅಂದರೆ ಸರಕು ನೋಡದೆ ದುಡ್ಡು ಕೊಡುವುದು. ಹಿಂದೆ ಅಂಗಡಿಯಲ್ಲಿ ಡಿಸ್ಕ್ ಮುಗಿದುಹೋದೀತೆಂಬ ಭಯಕ್ಕಾದರೂ ಅರ್ಥವಿತ್ತು. ಈಗ ಬಹುಪಾಲು ಆಟಗಳು ಡೌನ್‌ಲೋಡ್ ಆಗಿ ಬರುತ್ತವೆ, ಮುಗಿಯುವ ಪ್ರಶ್ನೆಯೇ ಇಲ್ಲ. ಆದರೂ ಮುಂಗಡ ಕೊಟ್ಟವರಿಗೆ ಮಾತ್ರ ಒಂದು ಅಂಗಿ, ಒಂದು ಕತ್ತಿ, ಮೂರು ದಿನ ಮೊದಲೇ ಪ್ರವೇಶ ಎಂದು ಆಸೆ ತೋರಿಸುತ್ತಾರೆ.

‘ಸೈಬರ್‌ಪಂಕ್ 2077’ ನೆನಪಿರುವವರಿಗೆ ಇದರ ಬಿಸಿ ಗೊತ್ತು. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಅದಕ್ಕೆ ಕೊಟ್ಟ ಮೊದಲ ತಾರೀಖು 2020ರ ಏಪ್ರಿಲ್ 16. ಅದು ಸೆಪ್ಟೆಂಬರ್ 17 ಆಯಿತು, ಮತ್ತೆ ನವೆಂಬರ್ 19. ಅಕ್ಟೋಬರಿನ ಮೊದಲ ವಾರ ‘ಗೋಲ್ಡ್ ಆಯಿತು’ ಎಂದು ಸಾರಿದರು. ಗೋಲ್ಡ್ ಅಂದರೆ ಡಿಸ್ಕಿನ ಮೂಲಪ್ರತಿ ಅಚ್ಚಿಗೆ ಹೋಯಿತು, ಇನ್ನು ಹಿಂದೆ ಸರಿಯುವ ಮಾತಿಲ್ಲ ಎಂದು ನಾವೆಲ್ಲ ನಂಬಿದ ಪದ. ಅದೇ ತಿಂಗಳ ಕೊನೆಗೆ ಮತ್ತೆ ಇಪ್ಪತ್ತೊಂದು ದಿನ ಮುಂದಕ್ಕೆ. ಡಿಸೆಂಬರ್ 10ಕ್ಕೆ ಬಂದಾಗ ಹಳೇ ಕನ್ಸೋಲುಗಳಲ್ಲಿ ಅದು ಆಡುವ ಸ್ಥಿತಿಯಲ್ಲೇ ಇರಲಿಲ್ಲ. ಒಂದೇ ವಾರದಲ್ಲಿ ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದ ತೆಗೆದು ದುಡ್ಡು ವಾಪಸು ಕೊಡತೊಡಗಿತು. ವರ್ಷಗಟ್ಟಲೆ ತಿದ್ದಿದ ಮೇಲೆ ಅದು ಒಳ್ಳೆಯ ಆಟವಾಯಿತು, ನಿಜ. ಆದರೆ ಮೊದಲ ದಿನ ದುಡ್ಡು ಕೊಟ್ಟವರು ಕೊಂಡದ್ದು ಆ ಒಳ್ಳೆಯ ಆಟವನ್ನಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಪ್ರೀ-ಆರ್ಡರ್ ಇಲ್ಲ. ಮನಸ್ಸು ಎಷ್ಟು ಬೇಕಾದರೂ ಕಾಯಲಿ, ಪರ್ಸು ಒಂದು ವಾರ ತಡವಾಗಿ ತೆರೆಯಲಿ.

ಹಾಗಾದರೆ ತಾರೀಖು ಮುಂದಕ್ಕೆ ಹೋಗುವುದೇ ಮೇಲಲ್ಲವೇ? ನನ್ನ ಮಟ್ಟಿಗೆ ಹೌದು. ‘ರೆಡ್ ಡೆಡ್ ರಿಡೆಂಪ್ಷನ್ 2’ ಎರಡು ಸಲ ಮುಂದಕ್ಕೆ ಹೋಗಿ 2018ರ ಅಕ್ಟೋಬರ್ 26ಕ್ಕೆ ಬಂತು. ಆ ತಿಂಗಳಲ್ಲೇ, ಇದನ್ನೂ ‘ಜಿಟಿಎ’ಯನ್ನೂ ಮಾಡುವ ಟೇಕ್-ಟೂ ಒಡೆತನದ ರಾಕ್‌ಸ್ಟಾರ್ ಕಂಪನಿಯ ಮುಖ್ಯಸ್ಥರಲ್ಲಿ ಒಬ್ಬರು ವಾರಕ್ಕೆ ನೂರು ಗಂಟೆ ದುಡಿದ ಮಾತೆತ್ತಿ ದೊಡ್ಡ ವಿವಾದವಾಯಿತು. ಆಟ ಮುಗಿದ ಮೇಲೆ ಹೆಸರುಗಳ ಪಟ್ಟಿ ಅರ್ಧ ಗಂಟೆಯಷ್ಟು ಹೊತ್ತು ಮೇಲಕ್ಕೆ ಹರಿಯುತ್ತದೆ. ನಾನು ಅದನ್ನು ಪೂರ್ತಿ ನೋಡಿದೆ. ನೋಡುತ್ತ ನೋಡುತ್ತ ರಾಕ್‌ಸ್ಟಾರ್ ಇಂಡಿಯಾ ಎಂಬ ಸಾಲು ಬಂತು, ಅದರ ಕೆಳಗೆ ನಮ್ಮ ಕಡೆಯ ಹೆಸರುಗಳು.

ಆ ಸಾಲು ಬೆಂಗಳೂರಿನದು. ನ್ಯೂಯಾರ್ಕಿನ ರಾಕ್‌ಸ್ಟಾರ್ ಗೇಮ್ಸ್ 2016ರಲ್ಲಿ ಬೆಂಗಳೂರಿನಲ್ಲಿ ಸ್ಟುಡಿಯೊ ತೆರೆಯಿತು. 2019ರಲ್ಲಿ ಧ್ರುವ ಇಂಟರ್‌ಆ್ಯಕ್ಟಿವ್ ಅನ್ನು 79 ಲಕ್ಷ ಡಾಲರಿಗೆ ಕೊಂಡು ಅದಕ್ಕೆ ಸೇರಿಸಿಕೊಂಡಿತು. ಈ ‘ಧ್ರುವ’ವನ್ನು ರಾಜೇಶ್ ರಾವ್ 1997ರಲ್ಲಿ ಕಟ್ಟಿದ್ದು, ಭಾರತದಲ್ಲಿ ವೀಡಿಯೊ ಗೇಮ್ ಮಾಡುವುದಕ್ಕೆಂದೇ ಹುಟ್ಟಿದ ಮೊದಲ ಕಂಪನಿಗಳಲ್ಲಿ ಅದರ ಹೆಸರು ಮುಂದಿರುತ್ತದೆ. ಹೊರಗಿನವರ ದೊಡ್ಡ ಆಟಗಳಿಗೆ ಕಾರು, ಕಟ್ಟಡ, ಮರ, ಮನುಷ್ಯರನ್ನು ಬಿಡಿಸಿಕೊಡುವುದು ಅದರ ಮುಖ್ಯ ಕಸುಬಾಗಿತ್ತು. ನಾವು ಸೈಬರಿನಲ್ಲಿ ನಕಲಿ ಸಿ.ಡಿ. ಹಾಕಿ ಕೂತಿದ್ದ ಹೊತ್ತಿಗೆ ಅದೇ ಊರಿನಲ್ಲಿ ಕೆಲವರು ಈ ಕೆಲಸವನ್ನು ಕಲಿಯುತ್ತಿದ್ದರು.

ನನ್ನ ಸಹಪಾಠಿಯ ತಂಗಿ ಬೆಂಗಳೂರಿನ ಒಂದು ಗೇಮ್ ಸ್ಟುಡಿಯೊದಲ್ಲಿ ಕಲಾವಿದೆ. ಯಾವುದು ಅಂತ ನಾನಿಲ್ಲಿ ಬರೆಯುವುದಿಲ್ಲ. ಕಳೆದ ಸಲ ಊರಿಗೆ ಹೋದಾಗ ಅವರ ಮನೆಯಲ್ಲಿ ಕಾಫಿ ಕುಡಿಯುತ್ತ ಕೇಳಿದೆ, ಈಗ ಏನು ಮಾಡ್ತಿದೀಯಮ್ಮ ಅಂತ. ‘ಆಟದ ಹೆಸರು ಕೇಳ್ಬೇಡಿ ಅಣ್ಣ, ಹೇಳೋ ಹಾಗಿಲ್ಲ. ಒಂದು ಅಂಗಡಿ ಷಟರ್ ಮಾಡ್ತಿದೀನಿ.’

ಷಟರು ಅಂದರೆ ಬರೀ ಷಟರು. ರೋಲಿಂಗ್ ಷಟರಿನ ಕೆಳಗಿನ ಪಟ್ಟಿಗೆ ಮೊದಲು ತುಕ್ಕು ಹಿಡಿಯುತ್ತದೆ, ಮಳೆನೀರು ಅಲ್ಲಿ ನಿಲ್ಲುವುದರಿಂದ. ಎಳೆಯುವ ಹಿಡಿಯ ಸುತ್ತ ಬಣ್ಣ ಸವೆದು ತಗಡು ಹೊಳೆಯುತ್ತದೆ, ದಿನಾ ಕೈ ಬೀಳುವುದರಿಂದ. ಮೇಲಿನ ಅರ್ಧ ಬಿಸಿಲಿಗೆ ಮಂಕಾಗಿರುತ್ತದೆ, ಸುರುಳಿಯೊಳಗೆ ಹೋಗುವ ತುದಿ ಮಾತ್ರ ಹೊಸದರಂತೆ ಇರುತ್ತದೆ. ಇದನ್ನೆಲ್ಲ ಗಮನಿಸಲು ಅವಳು ಅವೆನ್ಯೂ ರಸ್ತೆಯಲ್ಲಿ ಬೆಳಿಗ್ಗೆ ಅಂಗಡಿಗಳು ತೆರೆಯುವ ಮೊದಲು ನಡೆದು ಫೋಟೊ ತೆಗೆದುಕೊಂಡು ಬಂದಿದ್ದಳು. ಆಡುವವನು ಆ ಷಟರಿನ ಮುಂದೆ ಗಂಟೆಗೆ ನೂರು ಮೈಲಿ ವೇಗದಲ್ಲಿ ಹಾದುಹೋಗಬಹುದು. ಅಥವಾ ಆ ಬೀದಿಗೆ ಬರದೆಯೇ ಇರಬಹುದು. ‘ಪರವಾಗಿಲ್ಲ, ಯಾರೋ ಒಬ್ರು ಅಲ್ಲಿ ಗಾಡಿ ನಿಲ್ಲಿಸ್ತಾರೆ’ ಅಂದಳು.

ನ್ಯೂಯಾರ್ಕಿನಲ್ಲಿ ಚಳಿಗಾಲದ ಬೆಳಿಗ್ಗೆ ಒಂಬತ್ತಾದಾಗ ಬೆಂಗಳೂರಿನಲ್ಲಿ ರಾತ್ರಿ ಏಳೂವರೆ. ಇಲ್ಲಿಯವರ ದಿನದ ಮೊದಲ ಕಾಲ್ ಅಂದರೆ ಅಲ್ಲಿಯವರ ಊಟದ ಹೊತ್ತು. ಬಿಡುಗಡೆ ಹತ್ತಿರವಾದಂತೆ ಆ ಕಾಲ್‌ಗಳು ಉದ್ದವಾಗುತ್ತವೆ ಎಂದು ಅವಳ ಅಮ್ಮ ಹೇಳಿದರು, ಅವಳು ಹೇಳಲಿಲ್ಲ. ಅಂದಿನಿಂದ ಯಾವ ಆಟದ ತಾರೀಖು ಮುಂದಕ್ಕೆ ಹೋದರೂ ನನಗೆ ಮೊದಲು ನೆನಪಾಗುವುದು ಆ ಅಡುಗೆಮನೆಯಲ್ಲಿ ಅವಳಿಗಾಗಿ ಮುಚ್ಚಿಟ್ಟ ತಟ್ಟೆ. ಗುಂಪಿನಲ್ಲಿ ಯಾರಾದರೂ ‘ಮೋಸ’ ಅಂದರೆ ನಾನು ಸುಮ್ಮನಿರುವುದಿಲ್ಲ. ಆರು ತಿಂಗಳು ಹೆಚ್ಚು ಸಿಕ್ಕಿದರೆ ಆ ಆರು ತಿಂಗಳು ಯಾರಿಗೆ ಸಿಕ್ಕಿತು ಎಂದು ಕೇಳುತ್ತೇನೆ. ಅದು ನಿಜವಾಗಿ ದುಡಿಯುವವರಿಗೆ ಸಿಗಲಿ ಎಂಬುದು ನನ್ನ ಆಸೆ.

ಮಗನ ಕಾಯುವಿಕೆ ಬೇರೆ. ‘ಜಿಟಿಎ’ ಅವನಿಗಲ್ಲ. 1994ರಲ್ಲಿ ಹುಟ್ಟಿದ ಇಎಸ್‌ಆರ್‌ಬಿ ಎಂಬ ಸಂಸ್ಥೆ ಆಟಗಳಿಗೆ ವಯಸ್ಸಿನ ಗುರುತು ಕೊಡುತ್ತದೆ. ಈ ಸರಣಿಯ ದೊಡ್ಡ ಆಟಗಳಿಗೆ ಬಂದಿರುವುದು ಹದಿನೇಳು ತುಂಬಿದವರಿಗೆ ಎನ್ನುವ ‘ಎಂ’. ನಮ್ಮ ಕಾಲದಲ್ಲಿ ನಮಗೆ ಯಾರೂ ತಡೆ ಹಾಕಲಿಲ್ಲ, ಅಪ್ಪಂದಿರಿಗೆ ಆ ಆಟ ಏನೆಂದೇ ಗೊತ್ತಿರಲಿಲ್ಲ. ನನಗೆ ಗೊತ್ತು. ಅದರಲ್ಲಿ ಏನಿದೆ ಎಂದು ಗೊತ್ತಿದ್ದೇ ‘ಬೇಡ’ ಅನ್ನುತ್ತೇನೆ, ಯಾಕೆ ಅಂತಲೂ ಹೇಳುತ್ತೇನೆ. ‘ನೀನು ಆಡ್ತೀಯ, ನಾನು ಆಡಬಾರದಾ?’ ಎಂದು ಅವನು ಕೇಳಿದ್ದುಂಟು. ‘ಹೌದು, ಇನ್ನು ನಾಲ್ಕು ವರ್ಷ’ ಅಂದೆ. ಅವನಿಗೆ ಒಪ್ಪಿಗೆಯಾಗಿಲ್ಲ.

ಅವನು ಕಾದದ್ದು ‘ಹಾಲೊ ನೈಟ್: ಸಿಲ್ಕ್‌ಸಾಂಗ್’ಗೆ. 2019ರ ಫೆಬ್ರುವರಿಯಲ್ಲಿ ಘೋಷಣೆಯಾದಾಗ ಅವನಿಗೆ ಸರಿಯಾಗಿ ಓದಲೂ ಬರುತ್ತಿರಲಿಲ್ಲ. ಆಸ್ಟ್ರೇಲಿಯಾದ ಅಡಿಲೇಡಿನ ಟೀಮ್ ಚೆರಿ ಎಂಬ ಪುಟಾಣಿ ತಂಡ ಅದನ್ನು ಮಾಡುತ್ತಿತ್ತು. ವರ್ಷಗಟ್ಟಲೆ ಸುದ್ದಿಯೇ ಇಲ್ಲ. 2025ರ ಆಗಸ್ಟಿನಲ್ಲಿ ಇದ್ದಕ್ಕಿದ್ದಂತೆ ಇನ್ನೆರಡು ವಾರಕ್ಕೆ ಬರುತ್ತದೆ ಅಂದರು. ಇಷ್ಟು ವರ್ಷ ಯಾಕಾಯಿತು ಅಂದರೆ, ಮಾಡುವುದರಲ್ಲೇ ಖುಷಿಯಾಗಿದ್ದೆವು ಎಂಬ ಅರ್ಥದ ಉತ್ತರ ಕೊಟ್ಟರು. ಸೆಪ್ಟೆಂಬರ್ 4ರ ಬೆಳಿಗ್ಗೆ ಬಿಡುಗಡೆಯಾದಾಗ ಕೊಳ್ಳಲು ನುಗ್ಗಿದವರ ಭಾರಕ್ಕೆ ಸ್ಟೀಮ್, ನಿಂಟೆಂಡೊ ಮುಂತಾದ ಆನ್‌ಲೈನ್ ಅಂಗಡಿಗಳೇ ಸ್ವಲ್ಪ ಹೊತ್ತು ಕುಸಿದುಬಿದ್ದವು. ಬೆಲೆ 19.99 ಡಾಲರ್, ಅದೇ ವರ್ಷ ‘ಮಾರಿಯೊ ಕಾರ್ಟ್ ವರ್ಲ್ಡ್’ಗೆ ಕೇಳಿದ 79.99ರ ಕಾಲುಭಾಗ. ಶಾಲೆಯಿಂದ ಬಂದವನು ಬ್ಯಾಗು ಬಿಸಾಕಿ ಆಡಲು ಕೂತ. ಆರು ವರ್ಷ ಕಾದ ಆಟ ಅವನನ್ನು ಮೊದಲ ದಿನವೇ ಹತ್ತಾರು ಸಲ ಸೋಲಿಸಿತು. ಅವನ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಯಾವ ಹುಟ್ಟುಹಬ್ಬದಲ್ಲೂ ಕಂಡಿಲ್ಲ.

ಆಟಗಳ ಕಡೆ ತಲೆ ಹಾಕದ ನನ್ನ ಹೆಂಡತಿ ಒಂದೇ ಒಂದು ಆಟ ಆಡಿದ್ದಾಳೆ. 2023ರಲ್ಲಿ ಬಂದ ‘ವೆಣ್ಬಾ’. ಕೆನಡಾಕ್ಕೆ ವಲಸೆ ಬಂದ ತಮಿಳು ಸಂಸಾರದ ಕತೆ, ಟೊರೊಂಟೊದ ಒಂದು ಸಣ್ಣ ತಂಡದ್ದು. ಅಮ್ಮನ ಹಳೇ ಅಡುಗೆ ಪುಸ್ತಕದಲ್ಲಿ ಅಕ್ಷರ ಮಾಸಿದ ಸಾಲುಗಳನ್ನು ಊಹಿಸಿ ಅಡುಗೆ ಮಾಡಬೇಕು. ಮೊದಲನೆಯದೇ ಇಡ್ಲಿ. ಇಡ್ಲಿ ತಟ್ಟೆಯ ತೂತುಗಳು ಒಂದರ ಮೇಲೊಂದು ಬರದಂತೆ ಜೋಡಿಸಿದರೆ ಮಾತ್ರ ಹಬೆ ಎಲ್ಲ ಕಡೆ ಹೋಗುತ್ತದೆ. ‘ಇದು ಯಾರಿಗೆ ಗೊತ್ತಿಲ್ಲ’ ಅನ್ನುತ್ತ ಅವಳು ಒಂದೇ ಏಟಿಗೆ ಜೋಡಿಸಿದಳು. ನಾನೂ ಮಗನೂ ತಪ್ಪಿದ್ದೆವು. ಕೂತಲ್ಲೇ ಕೂತು ಮುಗಿಸಿದಳು, ಕೊನೆಗೆ ಕಣ್ಣೊರೆಸಿಕೊಂಡಳು. ‘ಇಂಥದ್ದು ಕನ್ನಡದಲ್ಲಿ ಯಾವಾಗ ಬರತ್ತೆ?’ ಅಂದಳು.

ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಜಗತ್ತಿನ ಅತಿ ದೊಡ್ಡ ಆಟದ ಗೋಡೆ, ಕಿಟಕಿಗಳಿಗೆ ಬೆಂಗಳೂರಿನವರ ಕೈ ಬೇಕು. ಆ ಕೈಗಳಿಗೆ ತಮ್ಮದೇ ಬೀದಿಯನ್ನು, ತಮ್ಮದೇ ಮಾತನ್ನು ಕಟ್ಟುವಷ್ಟು ದುಡ್ಡೂ ಬಿಡುವೂ ಸಿಕ್ಕರೆ ಏನು ಬರಬಹುದು? ದೊಡ್ಡದೇ ಆಗಬೇಕಿಲ್ಲ. ಎರಡು ಗಂಟೆಯ ಆಟ ಸಾಕು. ಅದಕ್ಕೊಂದು ತಾರೀಖು ಘೋಷಣೆಯಾದರೆ, ಅದು ಹತ್ತು ಸಲ ಮುಂದಕ್ಕೆ ಹೋದರೂ, ಈ ಸೀಮೆಯ ಕನ್ನಡ ಮನೆಗಳಲ್ಲಿ ಕಾಯುವವರಿದ್ದಾರೆ. ಇಲ್ಲಿನ ಬೃಂದಾವನ ಕನ್ನಡ ಕೂಟದ ಕಾರ್ಯಕ್ರಮಗಳಲ್ಲಿ ಹಿಂದಿನ ಸಾಲಿನಲ್ಲಿ ಸ್ವಿಚ್ ಹಿಡಿದು ಕೂರುವ ಮಕ್ಕಳಿಗೆ ತಾಯಂದಿರು ‘ಅದನ್ನ ಒಳಗಿಡು’ ಅನ್ನುವುದನ್ನು ಕೇಳಿದ್ದೇನೆ. ಆ ಪರದೆಯಲ್ಲಿ ಕನ್ನಡ ಬಂದರೆ ಅದೇ ತಾಯಂದಿರು ಪಕ್ಕಕ್ಕೆ ಬಂದು ಬಗ್ಗಿ ನೋಡುತ್ತಾರೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

‘ಜಿಟಿಎ 6’ಕ್ಕೆ ಕೊಟ್ಟಿರುವ 2026ರ ನವೆಂಬರ್ 19 ಗುರುವಾರ, ಥ್ಯಾಂಕ್ಸ್‌ಗಿವಿಂಗ್‌ಗೆ ಸರಿಯಾಗಿ ಒಂದು ವಾರ ಮೊದಲು. ಮುಂಗಡ ಕೊಟ್ಟಿಲ್ಲ, ಕೊಡುವುದೂ ಇಲ್ಲ. ವಿಮರ್ಶೆ ಓದಿ, ಹಬ್ಬದ ರಜೆಗೆ ಕೊಂಡರಾಯಿತು ಎಂದು ಪ್ಲೇನ್ಸ್‌ಬರೊದ ಗೆಳೆಯನೂ ನಾನೂ ಮಾತಾಡಿಕೊಂಡಿದ್ದೇವೆ. ಮಗ ಆ ವಾರ ಸಿಲ್ಕ್‌ಸಾಂಗಿನ ಉಳಿದ ಭಾಗ ಮುಗಿಸುತ್ತಾನಂತೆ. ಬೆಂಗಳೂರಿನ ಆ ಹುಡುಗಿ ಮೊನ್ನೆ ಫೋನು ಮಾಡಿದ್ದಳು. ಷಟರಿನ ಕೆಲಸ ಮುಗಿದಿದೆ, ಈಗ ಒಂದು ನೀರಿನ ಟ್ಯಾಂಕು. ಯಾವ ಆಟಕ್ಕೆ ಎಂದು ನಾನು ಕೇಳಲಿಲ್ಲ. ಆಟ ಬಿಡುಗಡೆಯಾದ ಮೇಲೆ ಯಾವ ಬೀದಿ, ಎಷ್ಟನೇ ಅಂಗಡಿ ಅಂತ ಹೇಳುತ್ತೇನೆ ಎಂದು ಅವಳಾಗಿಯೇ ಮಾತು ಕೊಟ್ಟಿದ್ದಾಳೆ. ಅದು ಯಾವ ಆಟವೇ ಆಗಿರಲಿ, ಕೊಂಡು ಆ ಬೀದಿಗೆ ಹೋಗಿ ಗಾಡಿ ನಿಲ್ಲಿಸುವವನು ನಾನು.